ತಿನ್ನೋದಕ್ಕ ಸೊಪ್ಪು, ಬಿತ್ತೋದಕ್ಕ ಹೊಗಿ

ನಂದಕಿಶೋರ ಸರ್ ತಮ್ಮ ನೋಟ್‌ಬುಕ್ ಮುಚ್ಚಿದಾಗ ನನ್ನ ಮಾತು ಅರ್ಧಕ್ಕೇ ನಿಂತಿತ್ತು. ಉಳಿದರ್ಧ ಅವರಿಗೆ ಬೇಕಾಗಿರಲಿಲ್ಲ. ಆ ಉಳಿದರ್ಧ ಕೇಳದೆ ಇದ್ದದ್ದಕ್ಕೆ ನಮ್ಮೂರಿನ ಆ ವರ್ಷದ ಬಿತ್ತನೆ ಹಾಳಾಗುವುದರಲ್ಲಿತ್ತು. ಅದರ ಅಪವಾದ ಬಂದದ್ದು ಮಾತ್ರ ನನ್ನ ತಲೆಗೆ.

ನಮ್ಮೂರು ಅಂದರೆ ಈಗಿನ ಊರು. ಬೀಳಗಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ, ಸಾಲಾಗಿ ನಿಂತ ಒಂದೇ ಥರದ ಮನೆಗಳ ಪುನರ್ವಸತಿ ಕೇಂದ್ರ. ಹಳೆಯ ಊರು ಕೃಷ್ಣೆಯ ಹಿನ್ನೀರಿನೊಳಗೆ ಹೋಯಿತು. ಆಗ ನಾನು ಆರನೇ ಇಯತ್ತೆಯಲ್ಲಿ ಓದುತ್ತಿದ್ದೆ. ಹೊಸ ಊರಿನಲ್ಲಿ ಸಾಲೆ ಶುರುವಾಗುವ ಹೊತ್ತಿಗೆ ನಾನು ಕುರಿಮರಿಗಳ ಹಿಂದೆ ಬಿದ್ದಿದ್ದೆ. ಮತ್ತೆ ಯಾರೂ ನನ್ನನ್ನು ಸಾಲೆಗೆ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದು ನನಗೆ ಮೊದಲಿನಿಂದಲೂ ಆಗದು. ನೋಡುವುದು ಆಗುತ್ತದೆ.

ಹಳೆಯ ಊರಿನಲ್ಲಿ ತಿನ್ನುವ ಜೋಳ ಹಗೇವಿನಲ್ಲಿ ಇರುತ್ತಿತ್ತು. ಆಳವಾಗಿ ನೆಲ ತೋಡಿ, ಸುತ್ತ ಹುಲ್ಲು ಕಟ್ಟಿ, ನಡುನಡುವೆ ಲಕ್ಕಿ ಸೊಪ್ಪು ಹಾಸಿ ಜೋಳ ತುಂಬಿ ಬಾಯಿ ಮೆತ್ತಿದರೆ ಎರಡು ವರ್ಷ ನುಸಿ ಹತ್ತುತ್ತಿರಲಿಲ್ಲ. ಬಿತ್ತುವ ಜೋಳ ಮಾತ್ರ ಹಗೇವಿಗೆ ಇಳಿಯುತ್ತಿರಲಿಲ್ಲ. ಒಳ್ಳೆಯ ತೆನೆಗಳನ್ನು ಆರಿಸಿ, ಜೋಡಿ ಮಾಡಿ ಕಟ್ಟಿ, ಒಲೆಯ ಮೇಲಿನ ಜಂತಿಗೆ ತೂಗುಹಾಕುತ್ತಿದ್ದರು. ಅವು ಹೊಗೆ ಕುಡಿದು ಕುಡಿದು ಕರ್ರಗಾಗುತ್ತಿದ್ದವು. ಅದಕ್ಕೊಂದು ಮಾತೂ ಇತ್ತು: ತಿನ್ನೋದಕ್ಕ ಸೊಪ್ಪು, ಬಿತ್ತೋದಕ್ಕ ಹೊಗಿ.

ಹೊಸ ಮನೆಗಳಿಗೆ ಜಂತಿ ಇಲ್ಲ, ಮೇಲೆ ತಗಡು. ನೆಲ ತೋಡಿದರೆ ಮೂರು ಮೊಳಕ್ಕೇ ತೇವ. ಹೀಗಾಗಿ ತಿನ್ನುವುದು, ಬಿತ್ತುವುದು ಎಲ್ಲ ಚೀಲಗಳಲ್ಲಿ, ನಾವು ಮಲಗುವ ಕೋಣೆಯ ಮೂಲೆಯಲ್ಲಿ. ಆಷಾಢ ಬಂತೆಂದರೆ ಚೀಲದ ಮೇಲೆ ಕಿವಿ ಇಟ್ಟರೆ ಕರಕರ ಸದ್ದು. ನುಸಿ ತಿಂದ ಕಾಳು ಹಿಸುಕಿದರೆ ಹಿಟ್ಟಾಗಿ ಉದುರುತ್ತಿತ್ತು. ಕೆಲವರು ಅಂಗಡಿಯಿಂದ ವಿಷದ ಗುಳಿಗೆ ತಂದು ಚೀಲದಲ್ಲಿ ಇಟ್ಟರು. ಹಾಗೆ ಇಟ್ಟುಕೊಂಡು ಅದೇ ಕೋಣೆಯಲ್ಲಿ ಮಲಗಿದ ನಮ್ಮ ಪಕ್ಕದ ಮನೆ ತಂಗೆವ್ವನನ್ನು ವಾಂತಿ ನಿಲ್ಲದೆ ಆಸ್ಪತ್ರೆಗೆ ಒಯ್ಯಬೇಕಾಯಿತು.

ನನ್ನ ಆಯಿ, ಅಂದರೆ ಅಪ್ಪನ ಅವ್ವ, ಹೆಸರು ಮಾದೇವಿ. ಕುರಿಗಳ ಗಾಯಕ್ಕೆ ಹುಳ ಬಿದ್ದರೆ ಹಚ್ಚಲು ಲಕ್ಕಿ ಸೊಪ್ಪಿನ ಎಣ್ಣೆ ಇಳಿಸುತ್ತಿದ್ದಳು. ದೊಡ್ಡ ಪಾತ್ರೆಯಲ್ಲಿ ಸೊಪ್ಪು, ನೀರು. ನಡುವೆ ಕಲ್ಲಿನ ಮೇಲೊಂದು ಬಟ್ಟಲು. ಬಾಯಿಗೆ ತಣ್ಣೀರು ತುಂಬಿದ ತಾಮ್ರದ ಕೊಡ. ಸಂದಿಗೆ ಕಣಕದ ಮೆತ್ತು. ಕೆಳಗೆ ಉರಿ ಹಾಕಿದರೆ ಹಬೆ ಕೊಡದ ತಳಕ್ಕೆ ತಾಗಿ ತಣ್ಣಗಾಗಿ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಆ ನೀರಿನ ಮೇಲೆ ತೆಳ್ಳಗೆ ತೇಲುವುದೇ ಎಣ್ಣೆ. ಒಂದು ಹೊರೆ ಸೊಪ್ಪಿಗೆ ಒಂದು ಚಮಚ ಸಿಕ್ಕರೆ ಪುಣ್ಯ.

ನೋಡಿದವರಿಗೆ ಅದು ಸೆರೆ ಕಾಸುವ ಭಟ್ಟಿಯಂತೆಯೇ ಕಾಣುತ್ತಿತ್ತು.

"ಏನ್ ಮಾದೇವಿ, ಇವತ್ತ ಎಷ್ಟ ಬಾಟ್ಲಿ ಇಳಿಸೀದಿ?" ಎಂದು ತಂಗೆವ್ವ ಗೋಡೆಯ ಆಚೆಯಿಂದ ಕೇಳುವಳು.

"ನಿನ್ನ ಗಂಡಗ ಒಂದ ಹನಿ ಕಳಸ್ತೇನಿ ತಡಿ. ಕುರಿ ಮೈಯಾಗಿನ ಹುಳಾ ಉದುರಿದಂಗ ಅವನ ತಲ್ಯಾಗಿನ ಹುಳಾನೂ ಉದುರ್ತಾವ," ಎಂದು ಆಯಿ ಒಲೆ ಊದುತ್ತಲೇ ಹೇಳುವಳು.

ಒಮ್ಮೆ ಆಯಿ ಕೈ ಒರೆಸಿದ ಅರಿವೆಯನ್ನು ಜೋಳದ ಚೀಲದ ಮೇಲೆ ಎಸೆದಿದ್ದಳು. ಮರುದಿನ ಬೆಳಿಗ್ಗೆ ನುಸಿಗಳು ಚೀಲ ಬಿಟ್ಟು ಗೋಡೆ ಹತ್ತುತ್ತಿದ್ದವು. ನಾನು ಅದನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಉಪ್ಪಿನಕಾಯಿಯ ಖಾಲಿ ಬಾಟಲಿಗಳನ್ನು ತೊಳೆದು ಒಣಗಿಸಿದೆ. ಒಂದೊಂದರಲ್ಲಿ ಒಂದು ಹಿಡಿ ಜೋಳ, ಇಪ್ಪತ್ತು ನುಸಿ. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ಒಂದು ಹನಿ ಎಣ್ಣೆಯ ಅರಿವೆ ತುಂಡು, ಇನ್ನೊಂದಕ್ಕೆ ಎರಡು ಹನಿಯದು. ಕೊನೆಯದರಲ್ಲಿ ಅರಿವೆ ಇಲ್ಲದೆ ಕಾಳಿಗೇ ಎಣ್ಣೆ ಸವರಿದೆ. ಮೂರನೆಯ ದಿನಕ್ಕೆ ಎಣ್ಣೆ ಕಂಡ ಬಾಟಲಿಗಳಲ್ಲಿ ನುಸಿಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಏನೂ ಹಾಕದ ಬಾಟಲಿಯಲ್ಲಿ ಆರಾಮಾಗಿ ತಿನ್ನುತ್ತಿದ್ದವು.

ನಾನು ಅಷ್ಟಕ್ಕೇ ಬಿಡಲಿಲ್ಲ. ಅದೇ ಕಾಳುಗಳನ್ನು ಐವತ್ತೈವತ್ತು ಎಣಿಸಿ ಹಸಿ ಬಟ್ಟೆಯಲ್ಲಿ ಕಟ್ಟಿಟ್ಟೆ. ಎಣ್ಣೆ ಕಾಣದ ಗಂಟಿನಲ್ಲಿ ನಲವತ್ತಾರು ಮೊಳೆತವು. ಎಣ್ಣೆ ಸವರಿದ ಗಂಟಿನಲ್ಲಿ ಏಳು.

ಆಯಿಗೆ ತೋರಿಸಿದೆ. ಅವಳು ಗಂಟು ಮೂಸಿ ನಕ್ಕಳು. "ಹಿರ್ಯಾರ ಏನ್ ಅಂದಾರ ಮತ್ತ? ಹುಳಾ ಕೊಲ್ಲೂದು ಕಾಳಿನ ಜೀವಾನೂ ಬಿಡೂದಿಲ್ಲ ಯವ್ವಾ. ಅದಕ್ಕ ಬಿತ್ತೋದಕ್ಕ ಹೊಗಿ."

ಆ ಚೈತ್ರದಲ್ಲಿ ನಂದಕಿಶೋರ ಸರ್ ಬಂದರು. ಜಮಖಂಡಿಯ ಕಡೆಯ ಒಂದು ಸಂಸ್ಥೆಯವರು, ನಮ್ಮ ಮಹಿಳಾ ಸಂಘಕ್ಕೆ ತರಬೇತಿ ಕೊಡುವವರು. ಒಳ್ಳೆಯ ಮಾತು, ಇಸ್ತ್ರಿ ಮಾಡಿದ ಅಂಗಿ. ಕಟ್ಟೆಯ ಮೇಲಿಟ್ಟಿದ್ದ ನನ್ನ ಬಾಟಲಿಗಳನ್ನು ಕಂಡು ಅಲ್ಲೇ ಕೂತರು.

"ಇದನ್ನ ಯಾರು ಮಾಡಿದ್ದು? ನೀನs? ಹೇಳು ತಂಗಿ, ಹೇಳು, ಅಂಜಬ್ಯಾಡ."

ನಾನು ನೆಲ ನೋಡುತ್ತ ಹೇಳಿದೆ. ಅವರು ಬರೆದುಕೊಂಡರು. ಎಷ್ಟು ಸೊಪ್ಪು, ಎಷ್ಟು ಹನಿ, ಎಷ್ಟು ದಿನ, ಎಲ್ಲ. "ಛಲೋ ಅದ, ಭಾಳ ಛಲೋ ಅದ," ಎನ್ನುತ್ತಿದ್ದರು. ಯಾರೋ ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದದ್ದು ಅದೇ ಮೊದಲು. ನನಗೆ ಹಿಗ್ಗಾಯಿತು. ಅದನ್ನು ನೆನೆಸಿದರೆ ಈಗ ಮೈ ಉರಿಯುತ್ತದೆ.

"ಆದ್ರ ಸರ, ಬೀಜಕ್ಕ ಮಾತ್ರ..." ಎಂದೆ.

ಅವರ ಫೋನು ರಿಂಗಾಯಿತು. ನೋಟ್‌ಬುಕ್ ಮುಚ್ಚಿದರು. "ಮುಂದಿನ ಸಲ ಬಂದಾಗ ಹೇಳು ತಂಗಿ," ಎಂದು ಎದ್ದರು. ಆಯಿ ಚಳಿಗಾಲವಿಡೀ ಇಳಿಸಿದ್ದ ಎಣ್ಣೆಯಲ್ಲಿ ಅರ್ಧವನ್ನು ಒಂದು ಶೀಶೆಗೆ ಹಾಕಿಸಿಕೊಂಡು ಹೋದರು.

ಮುಂದಿನ ಸಲ ಅವರು ಬಂದದ್ದು ಶ್ರಾವಣದಲ್ಲಿ. ಜೀಪಿನ ತುಂಬ ಪುಟ್ಟ ಪುಟ್ಟ ಶೀಶೆಗಳು, ಕಟ್ಟು ಕಟ್ಟು ಹಸಿರು ಕಾಗದ. ಸಮುದಾಯ ಭವನದಲ್ಲಿ ಮೈಕು, ಕುರ್ಚಿ, ಫೋಟೋದವನು. ಸಂಘದ ಅಧ್ಯಕ್ಷೆ ಶೇವಂತಿ ಅಕ್ಕ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ವೇದಿಕೆಯ ಮುಂದೆ ಒಂಬತ್ತು ಚೀಲ ಜೋಳ. ಹಿಂಗಾರಿ ಬಿತ್ತನೆಗೆಂದು ಮೂವತ್ತನಾಲ್ಕು ಮನೆಗಳ ಹೆಂಗಸರು ತಮ್ಮ ಬೆಳೆಯಲ್ಲೇ ಚಲೋ ಕಾಳು ಆರಿಸಿ ಸಂಘದಲ್ಲಿ ಕೂಡಿಸಿಟ್ಟ ಬೀಜ ಅದು. ಇವರಿಗೆಲ್ಲ ಬೇರೆ ಬೀಜ ಇರಲಿಲ್ಲ.

ನಾನು ಬಾಗಿಲಲ್ಲೇ ನಿಂತು ಹಸಿರು ಕಾಗದ ಓದಿದೆ. ನನ್ನ ಓದು ನಿಧಾನ. "ನಮ್ಮ ಸಂಸ್ಥೆಯ ಸಂಶೋಧನೆ" ಎಂದು ಮೇಲಿತ್ತು. ಅದು ಬೇಕಾದರೆ ಇರಲಿ ಅಂದುಕೊಂಡೆ. ಕೆಳಗೆ ಹೋದಂತೆ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಕಾಳಿನೊಂದಿಗೆ ನೇರವಾಗಿ ಬೆರೆಸಿರಿ. ಆಹಾರ ಧಾನ್ಯ ಹಾಗೂ ಬಿತ್ತನೆ ಬೀಜ ಎರಡಕ್ಕೂ ಸುರಕ್ಷಿತ."

ಶೇವಂತಿ ಅಕ್ಕನ ಸೆರಗು ಹಿಡಿದು ಬದಿಗೆ ಕರೆದೆ. "ಅಕ್ಕಾ, ಬೀಜಕ್ಕ ಇದನ್ನ ಹಾಕಬಾರ್ದ್ರಿ. ನಾ ನೋಡೇನಿ. ಮೊಳಕಿ ಬರೂದಿಲ್ಲ."

"ಲೇ ಹೊಳೆವ್ವಾ, ಅವ್ರು ದೊಡ್ಡ ಸಾಲಿ ಓದಿ ಬಂದಾರ. ನೀ ಆರನೆತ್ತಿಗಿ ಪಾಟಿ ಒಗದಾಕಿ. ಇವತ್ತ ಒಂದ ದಿನ ಸುಮ್ನ ಇರ್ತಿಯೇನ? ಫೋಟೋ ತಗ್ಯಾಕತ್ತಾರ."

ಸರ್ ಮೈಕು ಹಿಡಿದು ಮಾತಾಡಿದರು. ಜಮಖಂಡಿ, ಮುಧೋಳ, ಬೀಳಗಿ ಎಲ್ಲ ತಾಲೂಕುಗಳ ಸಂಘಗಳಿಗೂ ಈ ಎಣ್ಣೆ ಮುಟ್ಟುತ್ತದೆ ಎಂದರು. ಆಮೇಲೆ ಮೊದಲ ಚೀಲದ ಬಾಯಿ ಬಿಚ್ಚಿ ಶೀಶೆಯನ್ನೇ ಬಗ್ಗಿಸಿದರು. ಎರಡು ಹನಿಯಲ್ಲ, ಶೀಶೆಗೆ ಶೀಶೆ.

ನಾನು ಕೈ ಎತ್ತಿದೆ. ಕೈ ಕಿವಿಯವರೆಗೆ ಬಂತು, ಅಷ್ಟೇ. "ಸರ, ಅದಕ್ಕ ಬ್ಯಾಡ್ರಿ, ಬೀಜ..."

"ಏನ್ ತಂಗಿ, ವಾಸನಿ ಬಂತs?" ಎಂದು ಅವರು ಮೈಕಿನಲ್ಲೇ ಕೇಳಿದರು. "ಎರಡ ದಿನದಾಗ ಹೋಗ್ತದ."

ಭವನವಿಡೀ ನಕ್ಕಿತು. ನಾನು ಕೈ ಇಳಿಸಿದೆ. ಹೆಂಗಸರು ಸೀರೆ ಮೊಣಕಾಲಿಗೆ ಏರಿಸಿ ಕೂತು, ನಗುನಗುತ್ತ, ಒಂಬತ್ತೂ ಚೀಲಗಳ ಬೀಜಕ್ಕೆ ಕೈಯಾರೆ ಎಣ್ಣೆ ಕಲಸಿದರು. ಒಗ್ಗರಣೆ ಹಾಕಿದಂತೆ. ಕೊನೆಗೆ ಚೀಲ ಹೊಲಿಯುವ ಮೊದಲು ನಾನು ಪ್ರತಿ ಚೀಲದಿಂದ ಒಂದೊಂದು ಹಿಡಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡೆ. ತಂಗೆವ್ವ ನನ್ನ ಕೈಯನ್ನೇ ನೋಡುತ್ತಿದ್ದಳು.

ಮನೆಯಲ್ಲಿ ಒಂಬತ್ತು ಗಂಟು ಕಟ್ಟಿದೆ. ಯಾವ ಗಂಟಿನಲ್ಲೂ ಐವತ್ತಕ್ಕೆ ಐದರ ಮೇಲೆ ಮೊಳೆಯಲಿಲ್ಲ. ಗಂಟುಗಳನ್ನು ಶೇವಂತಿ ಅಕ್ಕನ ಮನೆಗೆ ಒಯ್ದೆ. ಅವಳು ಬಿಚ್ಚಿಯೂ ನೋಡಲಿಲ್ಲ.

"ಮಳಿ ಬರೂ ಮುಂದ ಕೆಟ್ಟ ಬಾಯಿ ಬಿಡಬ್ಯಾಡ ಬೇ," ಎಂದು ಬಾಗಿಲು ಮುಂದೆ ಮಾಡಿದಳು.

ದಸರೆ ಬಂತು. ನಮ್ಮಲ್ಲಿ ನವರಾತ್ರಿಯ ಮೊದಲ ದಿನ ಬೀರೇಶ್ವರನ ಗುಡಿಯಲ್ಲಿ ಘಟ ಕೂಡಿಸುತ್ತಾರೆ. ಮಣ್ಣು ಹಾಕಿ, ಜೋಳ ಊರಿ, ದಿನಾ ನೀರು ಬಿಡುತ್ತಾರೆ. ಒಂಬತ್ತು ದಿನಕ್ಕೆ ಬಂದ ಸಸಿಯನ್ನು ಬನ್ನಿ ಹಬ್ಬದ ದಿನ ಗಂಡಸರು ರುಮಾಲಿಗೆ, ಹೆಂಗಸರು ತುರುಬಿಗೆ ಸಿಗಿಸಿಕೊಳ್ಳುತ್ತಾರೆ. ಅದರ ಮರುದಿನ ಹಸ್ತದ ಮಳೆಯ ಹಸಿಯಲ್ಲಿ ಕೂರಿಗೆ ಹೂಡಿ ಬಿತ್ತುವುದು. ಆ ವರ್ಷ ಪೂಜಾರಿ ಮಾಳಿಂಗರಾಯ ಘಟಕ್ಕೆ ಸಂಘದ ಚೀಲದ ಜೋಳವನ್ನೇ ಹಾಕಿದ. ಎಲ್ಲರ ಮನೆಯ ಕಾಳೂ ಅದರಲ್ಲಿ ಇರುತ್ತದೆ, ಎಲ್ಲರಿಗೂ ಒಳ್ಳೆಯದಾಗಲಿ ಎಂಬ ಅಕ್ಕರೆಯಿಂದ.

ನಾಲ್ಕನೆಯ ದಿನ ಘಟದಲ್ಲಿ ಬರೀ ಮಣ್ಣು. ಐದನೆಯ ದಿನ ಮೂರು ಎಲೆ.

ಅವತ್ತು ಸಂಜೆ ನನ್ನನ್ನು ಗುಡಿಯ ಮುಂದಿನ ಕಟ್ಟೆಗೆ ಕರೆಸಿದರು.

"ಯಾರೋ ಮುಟ್ಟಾದಾಕಿ ಬೀಜಕ್ಕ ಕೈ ಹಾಕ್ಯಾಳ," ಎಂದ ಮಾಳಿಂಗರಾಯ, ನನ್ನನ್ನು ನೋಡದೆ. "ಗುಡ್ಯಾಗಿನ ಅಪ್ಪ ಒಪ್ಪಿಲ್ಲ."

"ಚೀಲದಾಗ ಕೈ ಹಾಕಿ ಸೆರಗಿಗಿ ಕಟ್ಟಿದ್ದ ನಾ ಕಣ್ಣಾರೆ ನೋಡೇನ್ರೀ," ಎಂದಳು ತಂಗೆವ್ವ. "ಮ್ಯಾಲ ಮೊಳಕಿ ಬರೂದಿಲ್ಲ ಅಂತ ಬಾಯಿಲೇ ಬ್ಯಾರೆ ಅಂದಾಳ."

ಚೀಲಕ್ಕೆ ಕೈ ಹಾಕಿದ ದಿನ ನಾನು ಮುಟ್ಟಾಗಿರಲಿಲ್ಲ. ಆದರೆ ಅದನ್ನು ಅಷ್ಟು ಗಂಡಸರ ಮುಂದೆ ಹೇಗೆ ಹೇಳುವುದು?

ಅವರು ಕೆಟ್ಟವರಲ್ಲ. ತಾವೇ ದಾರಿ ಹುಡುಕಿದರು. ಒಂಬತ್ತನೆಯ ದಿನ ನಾನು ಐದು ಕೊಡ ನೀರು ಹೊತ್ತು ಹಸಿ ಮೈಯಲ್ಲಿ ಗುಡಿಗೆ ಬರುವುದು, ತಪ್ಪಾಯಿತು ಅನ್ನುವುದು. ಒಂಬತ್ತೂ ಚೀಲಕ್ಕೆ ಪೂಜಾರಿ ಭಂಡಾರ ಎರಚುವುದು. ಭಂಡಾರದ ಅರಿಶಿನ ಬಿದ್ದರೆ ಬೀಜ ಶುದ್ಧವಾಗುತ್ತದೆ, ಬನ್ನಿ ಹಬ್ಬದ ದಿನ ಹಂಚುವುದು, ಅದರ ಮರುದಿನ ಬಿತ್ತುವುದು. ನನ್ನನ್ನು ಕ್ಷಮಿಸಲು ಎಲ್ಲರೂ ತಯಾರಿದ್ದರು. ನನ್ನ ಮಾತು ಕೇಳಲು ಒಬ್ಬರೂ ತಯಾರಿರಲಿಲ್ಲ.

ಮನೆಗೆ ಬಂದು ಅಳಲಿಲ್ಲ. ಅಳುವಷ್ಟು ದುಃಖವೇ ಇರಲಿಲ್ಲ, ಸಿಟ್ಟಿತ್ತು. ಅದೇ ಹೊತ್ತಿಗೆ, ನಗಬೇಕೋ ಏನೋ, ನಾನು ನಿಜಕ್ಕೂ ಮುಟ್ಟಾದೆ.

ಆಯಿ ತಗಡಿನ ಕೆಳಗಿನ ಕಬ್ಬಿಣದ ಪೈಪಿಗೆ ಹಟ ಮಾಡಿ ತೂಗುಹಾಕಿದ್ದ ಎಂಟು ಜೋಡಿ ತೆನೆ ಇದ್ದವು, ಮಸಿ ಹಿಡಿದು ಕಪ್ಪಾಗಿ. ನಾನು ಅವನ್ನೇ ನೋಡುತ್ತ ಕೂತಿದ್ದೆ. ಆಯಿ ನನ್ನನ್ನು ನೋಡುತ್ತಿದ್ದಳು. "ಇಳಿಸ್ಕೋ," ಎಂದಳು.

ಎರಡು ಬುಟ್ಟಿಗೆ ಒಂದೇ ಹೊಲದ ಮಣ್ಣು ತುಂಬಿದೆ. ಒಂದನ್ನು ಶೇವಂತಿ ಅಕ್ಕನ ಅಂಗಳಕ್ಕೆ ಒಯ್ದು ದೂರದಲ್ಲಿ ಇಟ್ಟೆ. "ಅಕ್ಕಾ, ನನ್ನ ಕೈ ಹತ್ತೂದು ಬ್ಯಾಡ. ನೀವs ಜಳಕಾ ಮಾಡಿ, ಮಡೀಲಿ ಸಂಘದ ಬೀಜ ಇದರಾಗ ಹಾಕ್ರಿ. ದಿನಾ ನೀರ ಬಿಡ್ರಿ. ಒಂಬತ್ತನೇ ದಿನಕ್ಕ ಗುಡಿಗಿ ತರ್ರಿ."

ನಾನು ದಾರಿಗೆ ಬಂದೆ ಎಂದು ಅವಳಿಗೆ ಸಮಾಧಾನವಾಯಿತು. "ಆತು ಬಿಡು ಯವ್ವಾ, ಹಾಕ್ತೇನಿ," ಎಂದಳು.

ಇನ್ನೊಂದು ಬುಟ್ಟಿಗೆ ಆಯಿಯ ತೆನೆ ಉಜ್ಜಿ ನಾನೇ ಕಾಳು ಊರಿದೆ. ಅದೇ ದಿನ, ಮುಟ್ಟಾದ ಕೈಯಿಂದಲೇ.

ಒಂಬತ್ತನೆಯ ದಿನ ನಾನು ಗುಡಿಯ ಕಟ್ಟೆಗೆ ಕೊಡ ಹೊತ್ತು ಬರಲಿಲ್ಲ. ಬುಟ್ಟಿ ಹೊತ್ತು ಬಂದೆ. ಬುಟ್ಟಿಯಲ್ಲಿ ಸಸಿ ಎರಡು ಬೆರಳೆತ್ತರ ದಟ್ಟವಾಗಿ ನಿಂತಿತ್ತು. ಅದರ ಪಕ್ಕದಲ್ಲಿ ಶೇವಂತಿ ಅಕ್ಕ ತನ್ನ ಬುಟ್ಟಿ ಇಟ್ಟಳು. ಬೋಳು. ಒಂದು ಮೂಲೆಯಲ್ಲಿ ಎರಡು ಎಳೆ.

"ನೀರ ತಪ್ಪದ ಬಿಟ್ಟೇನಿ," ಎಂದಳು ಅವಳು, ಯಾರೂ ಕೇಳದಿದ್ದರೂ. "ಮಡೀಲಿ ಹಾಕೇನಿ."

"ಹೌದ್ರಿ ಅಕ್ಕಾ," ಎಂದೆ. ಈ ಸಲ ದನಿ ಹೊರಗೆ ಬಂತು. "ನೀವು ಮಡೀಲಿ ಹಾಕೀರಿ. ಈ ಹಸರು ಬುಟ್ಟಿ ನಾ ಹಾಕೇನಿ. ಹಾಕಿದ ದಿನ ನಾ ಮುಟ್ಟಾಗಿದ್ದೆ."

"ಯಪ್ಪಾ ಶಿವನೇ!" ಎಂದು ತಂಗೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಗಂಡಸರ ಮುಂದ ಹಿಂಗ ಬಿಚ್ಚಿ ಹೇಳೂದೇನ?"

"ನೀವು ಗಂಡಸರ ಮುಂದs ಕೇಳಿದ್ರಲ್ಲ ತಂಗೆವ್ವತ್ತಿ. ಅಲ್ಲೇ ಹೇಳ್ತೇನಿ."

ಮಾಳಿಂಗರಾಯ ಗುಡಿಯ ಗಂಟೆಯನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ. ಆಯಿ ಮಾತ್ರ ಕಟ್ಟೆಯ ತುದಿಯಲ್ಲಿ ಕೂತು ಎಲೆ-ಅಡಿಕೆ ಕುಟ್ಟುತ್ತಿದ್ದಳು. "ಅಪ್ಪ ಒಪ್ಯಾನ ನೋಡ ಮಾಳಿಂಗರಾಯ," ಎಂದಳು. "ಇಷ್ಟ ಹಸರಾಗಿ ನನ್ನ ಮದಿವ್ಯಾಗೂ ಒಪ್ಪಿರಲಿಲ್ಲ."

ಯಾರೋ ಕಿಸಕ್ಕೆಂದರು. ಶೇವಂತಿ ಅಕ್ಕ ನಗಲಿಲ್ಲ. ತನ್ನ ಬುಟ್ಟಿಯ ಮಣ್ಣಿಗೆ ಬೆರಳು ಹಾಕಿ ಕಾಳುಗಳನ್ನು ಕೆದರಿ ತೆಗೆದಳು. ಅವು ಉಬ್ಬಿ ಅಲ್ಲೇ ಕೊಳೆತಿದ್ದವು. ಮೂಸಿದಳು. ಎಣ್ಣೆಯ ವಾಸನೆ ಇನ್ನೂ ಇತ್ತು. ಅಂಗೈ ಮುಂದೆ ಚಾಚಿ ಎಲ್ಲರಿಗೂ ಮೂಸಿಸಿದಳು. ಆಮೇಲೆ ಗುಡಿಯ ಒಳಗೆ ಸಾಲಾಗಿ ನಿಂತ ಒಂಬತ್ತು ಚೀಲಗಳ ಕಡೆ ತಿರುಗಿ, ಹಾಗೇ ನೆಲಕ್ಕೆ ಕೂತಳು.

"ನೀ ಅವತ್ತs ಗಂಟ ತಂದಿದ್ದಿ," ಎಂದಳು.

"ತಂದಿದ್ದೆ."

"ನಾ ಬಿಚ್ಚಲಿಲ್ಲ."

"ಇಲ್ರಿ."

ಮರುದಿನ ಆ ಬೀಜ ಹಂಚಲಿಲ್ಲ. ಶೇವಂತಿ ಅಕ್ಕ ಬನ್ನಿ ಹಬ್ಬವನ್ನೂ ಬಿಟ್ಟು ಟ್ರ್ಯಾಕ್ಟರ್ ಹತ್ತಿ ಸಾವಳಗಿಯ ತವರುಮನೆಗೆ ಹೋಗಿ ನಾಲ್ಕು ಚೀಲ ಬೀಜ ತಂದಳು. ಅದು ಅರ್ಧ ಊರಿಗೆ ಆಯಿತು. ಉಳಿದವರು ತಡವಾಗಿ ಕಡಲೆ ಹಾಕಿದರು. ನಮ್ಮ ಊರಿನ ನೆಲಕ್ಕೆ ಒಗ್ಗಿದ, ಮುಳುಗಿದ ಊರಿನಿಂದ ನಮ್ಮೊಂದಿಗೆ ಬಂದ ಜೋಳ ಆಯಿಯ ಎಂಟು ಜೋಡಿ ತೆನೆಗಳಲ್ಲಷ್ಟೇ ಉಳಿಯಿತು. ಒಂಬತ್ತು ಚೀಲ ಬೀಜ ಬಿಸಿಲಿಗೆ ಒಣಗಿ ಗಿರಣಿಗೆ ಹೋಯಿತು. ತಿಂಗಳುಗಟ್ಟಲೆ ಎಲ್ಲರ ಮನೆಯ ರೊಟ್ಟಿಯೂ ಲಕ್ಕಿ ವಾಸನೆ ಹೊಡೆಯಿತು. ತಂಗೆವ್ವ ನಮ್ಮ ಮನೆಗೆ ಬಂದು ತಪ್ಪಾಯಿತು ಅನ್ನಲಿಲ್ಲ. ಒಂದು ಸಂಜೆ ಗೋಡೆಯ ಮೇಲಿಂದ ಒಂದು ಬಟ್ಟಲು ಬೆಣ್ಣೆ ದಾಟಿಸಿದಳು, ಅಷ್ಟೇ.

ದೀಪಾವಳಿ ಕಳೆದ ಮೇಲೆ ನಂದಕಿಶೋರ ಸರ್ ಬಂದರು. ಸುದ್ದಿ ಕೇಳಿದ್ದರು. ಕುತ್ತಿಗೆಯಲ್ಲಿ ಕ್ಯಾಮೆರಾ.

"ತಂಗಿ, ಆ ಎರಡ ಬುಟ್ಟಿ ಇದ್ವಲ್ಲ, ಅಂಥಾವs ಮತ್ತ ಎರಡ ಮಾಡ್ತೀಯೇನು? ಹಿಡಕೊಂಡ ನಿಂತರ ಒಂದ ಫೋಟೋ. ರಿಪೋರ್ಟಿಗೆ ಭಾಳ ಛಲೋ ಆಗ್ತದ."

"ಮೊದಲ ಬುಕ್ಕ ತಗೀರಿ ಸರ," ಎಂದೆ.

ಅವರು ನಕ್ಕರು. ನಾನು ನಗದೆ ನಿಂತಿದ್ದೆ. ನೋಟ್‌ಬುಕ್ ಹೊರಗೆ ಬಂತು.

"ಬರಕೋರಿ. ತಿನ್ನೂ ಜೋಳಕ್ಕ ಎಣ್ಣಿ ಅರಿವಿಗಿ ಹಾಕಿ ಚೀಲದಾಗ ಇಡೂದು. ಕಾಳಿಗಿ ಕಲಸೂದಲ್ಲ. ಬಿತ್ತೂ ಬೀಜದ ಹತ್ರ ಅದನ್ನ ಒಯ್ಯಾಕs ಬಾರ್ದು. ಆತೇನ್ರಿ? ಓದ್ರಿ."

ಅವರು ಓದಿದರು. "ನಮ್ಮ ಸಂಸ್ಥೆಯ ಮುಂದುವರಿದ ಸಂಶೋಧನೆಯಲ್ಲಿ ತಿಳಿದುಬಂದಂತೆ..."

"ಅದನ್ನ ನಾ ಹೇಳಿಲ್ಲ. ಹೊಡೀರಿ."

ಹೊಡೆದುಹಾಕಿದರು. ಅವರ ಫೋನು ರಿಂಗಾಯಿತು. ಕೈ ಕಿಸೆಗೆ ಹೋಯಿತು.

"ಅದು ಬಡಕೊಳ್ಳಲಿ ಬಿಡ್ರಿ," ಎಂದೆ. "ಈ ಎಣ್ಣಿ ಮತ್ತ ಎಷ್ಟ ಊರಿಗಿ ಕೊಟ್ರಿ?"

"ಹದಿನಾಲ್ಕು."

"ಅಲ್ಲಿ ಬೀಜಾ ಹುಟ್ಟಿತೇನ್ರಿ?"

ಅವರು ಪೆನ್ನಿನ ಟೋಪಿ ಹಾಕಿ ತೆಗೆದರು. "ಕೆಲವ ಕಡೆ ಕಡಿಮಿ ಅಂದ್ರು. ಮಳಿ ಸಾಲಲಿಲ್ಲ ಅಂದ್ರು. ಒಂದ ಕಡೆ ಏನೋ ದೇವರ ಕಾಟ ಅಂತ..."

"ನೀವು ಎಣ್ಣಿಯಿಂದ ಅಂತ ಹೇಳಲಿಲ್ಲs?"

ಆ ಒಂದು ಕಡೆ ಯಾವ ಹುಡುಗಿಯನ್ನು ಕಟ್ಟೆಗೆ ಕರೆಸಿದರೋ, ಯಾರು ಐದು ಕೊಡ ನೀರು ಹೊತ್ತು ಹಸಿ ಮೈಯಲ್ಲಿ ನಿಂತಳೋ. ಅವಳ ಮನೆಯಲ್ಲಿ ತಗಡಿನ ಕೆಳಗೆ ತೆನೆ ಕಟ್ಟಿದ ಆಯಿ ಇದ್ದಳೋ ಇಲ್ಲವೋ.

ಸರ್ ನೋಟ್‌ಬುಕ್ ಮುಚ್ಚಲು ಹೋದರು. ನಾನು ಅದರ ನಡುವೆ ಕೈ ಇಟ್ಟೆ. ಗಂಡಸರ ಕೈಯನ್ನು ಹಿಂದೆಂದೂ ಹೀಗೆ ತಡೆದವಳಲ್ಲ ನಾನು.

"ಮುಚ್ಚಬ್ಯಾಡ್ರಿ. ಇನ್ನಾ ಮುಗದಿಲ್ಲ. ಹದಿನಾಲ್ಕೂ ಊರಿನ ಹೆಸರ ಬರೀರಿ. ನೀವs ಹೋಗಿ ಹೇಳ್ರಿ, ಎಣ್ಣಿಯಿಂದ ಆತು, ಹುಡಿಗಿಯಿಂದ ಅಲ್ಲ ಅಂತ. ಮೈಕ್ನ್ಯಾಗ ಹೇಳ್ರಿ. ಹೇಳಿ ಬಂದ ಮ್ಯಾಲ ಫೋಟೋ."

ಅವರು ನನ್ನ ಮುಖ ನೋಡಿದರು. ಹಿಂದೆ ಆಯಿ ಒಲೆ ಊದುವುದನ್ನು ನಿಲ್ಲಿಸಿದ್ದಳು. ಫೋನು ಬಡಕೊಂಡು ಬಡಕೊಂಡು ತಾನೇ ಸುಮ್ಮನಾಯಿತು. ಅವರು ಹೊಸ ಹಾಳೆ ತಿರುವಿ ಬರೆದರು: ರನ್ನ ಬೆಳಗಲಿ.

"ಒಂದಾತು," ಎಂದೆ. "ಮುಂದಿಂದು?"